ಬಿಟ್ಟ ಮೆಟ್ಟಿಲಿಂದಲೇ ಶುರು: ನಲಿ-ಕಲಿ ಕೋಣೆಯಲ್ಲಿ ಒಂದು ವಾರ

ಈ ಸಲದ ಎಪಿಸೋಡಿನಲ್ಲಿ ಅತಿಥಿ ಯಾರೂ ಇಲ್ಲ. ಕಳೆದ ವಾರ ನಾನು ಒಂದನೇ ಕ್ಲಾಸಿಗೆ ಹೋಗಿದ್ದೆ. ತಮಾಷೆ ಅಲ್ಲ, ನಿಜವಾಗ್ಲೂ.

ವಿಷಯ ಏನಂದ್ರೆ, ನಮ್ಮಕ್ಕನ ಮಗಳು ಹಾಸನ ಜಿಲ್ಲೆಯ ನಮ್ಮೂರಿನ ಸರ್ಕಾರಿ ಶಾಲೆಗೆ ಹೋಗ್ತಾಳೆ. ಅಕ್ಕನಿಗೆ ಅವಳನ್ನ ಪೇಟೆಯ ಕಾನ್ವೆಂಟಿಗೆ ಸೇರಿಸೋ ಆಸೆ. "ಮೂರು ತಿಂಗಳಾಯ್ತು ಕಣೋ, ಇನ್ನೂ ಅ ಆ ಇ ಈ ಹೇಳೋಕೆ ಬರಲ್ಲ. ನೀನೇ ಒಂದ್ಸಲ ಹೋಗಿ ನೋಡು" ಅಂದಳು. ಹೆಡ್‌ಮಾಸ್ಟರ್ ಒಪ್ಪಿದ್ರು. ಸೋಮವಾರದಿಂದ ಶನಿವಾರದವರೆಗೆ ಹಿಂದಿನ ಗೋಡೆಗೆ ಒರಗಿ ಕೂತೆ. ಮಕ್ಕಳ ದನಿ ರೆಕಾರ್ಡ್ ಮಾಡಿಲ್ಲ, ಹೆಸರೂ ಹೇಳಲ್ಲ.

ಸೋಮವಾರ ನನಗೆ ಏನೂ ಅರ್ಥ ಆಗ್ಲಿಲ್ಲ. ಒಂದೇ ಕೋಣೆ, ಒಂದರಿಂದ ಮೂರನೇ ತರಗತಿಯ 22 ಮಕ್ಕಳು, ಒಬ್ಬರೇ ಮಿಸ್. ಗೋಡೆ ಮೇಲೆ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೆ ಒಂದೊಂದು ಚಿತ್ರ. ಮಗು ತನ್ನ ಮೆಟ್ಟಿಲು ನೋಡ್ಕೊಂಡು, ಅದೇ ಚಿತ್ರದ ಕಾರ್ಡ್ ಹುಡುಕಿ ತಂದು, ತನ್ನ ಗುಂಪಲ್ಲಿ ಕೂರುತ್ತೆ. ಒಂದು ಗುಂಪಿಗೆ ಮಿಸ್ ಪಕ್ಕದಲ್ಲೇ ಇರಬೇಕು, ಇನ್ನೊಂದಕ್ಕೆ ಸ್ನೇಹಿತರ ಸಹಾಯ ಸಾಕು, ಕೊನೆಯದ್ದು ತಾನೇ ಕಲಿಯೋ ಗುಂಪು. ಇದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, ಆಂಧ್ರದ ರಿಷಿ ವ್ಯಾಲಿ ಶಾಲೆಗಳಿಂದ ಪ್ರೇರಣೆ ಪಡೆದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು.

ಅಕ್ಕನ ಪ್ರಶ್ನೆಗೆ ಮಂಗಳವಾರ ಉತ್ತರ ಸಿಕ್ತು. ಇಲ್ಲಿ ಅಕ್ಷರಮಾಲೆ ಕ್ರಮದಲ್ಲಿ ಕಲಿಸಲ್ಲ. ಮೊದಲು ಬರೋದು ರ, ಗ, ಸ, ದ, ಅ. ಬರೆಯೋಕೆ ಸುಲಭ, ಐದೇ ಅಕ್ಷರದಲ್ಲಿ ಪದಗಳೂ ಹುಟ್ಟುತ್ತವೆ: ಸರ, ಅರಸ, ಗರಗಸ. ಸಂಜೆ ಮನೆಗೆ ಬರ್ತಾ ತರಕಾರಿ ಅಂಗಡಿ ಬೋರ್ಡ್ ತೋರಿಸಿ ನಮ್ಮ ಪುಟ್ಟಿ, "ಮಾಮ, ಅದು ದರ" ಅಂದಳು. ಬಿ.ಕಾಂ ಓದಿದ ಮಾಮನಿಗೆ ಇದಕ್ಕಿಂತ ಖುಷಿ ಬೇಕಾ?

ಆದ್ರೆ ನಾನು ಹೇಳಬೇಕಾದ್ದು ಬುಧವಾರದ ಕಥೆ. ಎರಡನೇ ತರಗತಿ ಹುಡುಗನೊಬ್ಬ ಹನ್ನೆರಡು ದಿನ ಆದ್ಮೇಲೆ ಬಂದ. ಅಪ್ಪ ಅಮ್ಮನ ಜೊತೆ ಆಲೂಗಡ್ಡೆ ಕೀಳೋ ಕೆಲಸಕ್ಕೆ ಹೋಗಿದ್ದನಂತೆ. ಬಾಗಿಲಲ್ಲೇ ನಿಂತಿದ್ದ. ಈಗ ಬೈಗುಳ ಗ್ಯಾರಂಟಿ ಅಂದ್ಕೊಂಡೆ. ಮಿಸ್ ಕೇಳಿದ್ದು ಎರಡೇ ಮಾತು: "ತಿಂಡಿ ಆಯ್ತೇನೋ? ನಿನ್ನ ಕಾರ್ಡ್ ಯಾವುದು, ತಗೊಂಡ್ ಬಾ." ಅವನು ಬಿಟ್ಟಿದ್ದ ಮೆಟ್ಟಿಲು ಅಲ್ಲೇ ಇತ್ತು. ಹತ್ತತ್ತು ಕಡ್ಡಿಯ ಕಟ್ಟು ಇಟ್ಕೊಂಡು 32ರಲ್ಲಿ 15 ಕಳೆಯೋಕೆ ಕೂತ. ಬಿಡಿ ಕಡ್ಡಿ ಸಾಲಲಿಲ್ಲ. ಪಕ್ಕದ ಮೂರನೇ ತರಗತಿ ಹುಡುಗಿ, "ಒಂದು ಕಟ್ಟು ಬಿಚ್ಚೋ" ಅಂದಳು. ಬಿಚ್ಚಿದ. ಹದಿನೇಳು.

ನಾನು ಮೂರನೇ ಕ್ಲಾಸಲ್ಲಿದ್ದಾಗ ಅಮ್ಮ ಎದ್ದು ಎರಡು ವಾರ ಮನೆಯಲ್ಲಿದ್ದೆ. ವಾಪಸ್ ಹೋದಾಗ ಭಾಗಾಕಾರ ಮುಗಿದಿತ್ತು. ಯಾರನ್ನೂ ಕೇಳೋ ಧೈರ್ಯ ಬರ್ಲಿಲ್ಲ. ಡಿಗ್ರಿವರೆಗೂ ಕ್ಯಾಲ್ಕುಲೇಟರ್ ಹಿಡ್ಕೊಂಡೇ ದಾಟಿದೆ. ಅವತ್ತು ನನಗೂ ಒಂದು ಮೆಟ್ಟಿಲು ಕಾದಿದ್ದಿದ್ರೆ ಅನ್ನಿಸ್ತು.

ಎಲ್ಲಾ ಚೆನ್ನಾಗಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗುರುವಾರ ಮಿಸ್‌ಗೆ ಮೀಟಿಂಗ್. ಪಕ್ಕದ ಕ್ಲಾಸಿನ ಮೇಷ್ಟ್ರು ಆಗಾಗ ಇಣುಕಿ ಹೋದ್ರು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಕಾರ್ಡುಗಳು ರಾಕೆಟ್ ಆಗಿದ್ವು. ಶುಕ್ರವಾರ ಮಿಸ್ ಅರ್ಧ ದಿನ ಹರಿದ ಕಾರ್ಡಿಗೆ ಟೇಪ್ ಹಚ್ಚಿದ್ರು. ಏಣಿ ಎಷ್ಟೇ ಚೆನ್ನಾಗಿರಲಿ, ಹಿಡ್ಕೊಳ್ಳೋಕೆ ಒಬ್ಬರು ಬೇಕು. ಮೂರು ತರಗತಿಗೆ ಒಬ್ಬರೇ ಇದ್ದು, ಅವರನ್ನೂ ಮೀಟಿಂಗಿಗೆ ಕರೆದ್ರೆ ಹೇಗೆ?

ಶನಿವಾರ ಬೆಳಗಿನ ಶಾಲೆ. ಬಿಡುವಾದಾಗ ಮಿಸ್ ಪ್ರಗತಿ ನೋಟ ತೋರಿಸಿದ್ರು. ನಾನು ಅಭ್ಯಾಸಬಲದಿಂದ ರ‍್ಯಾಂಕ್ ಕಾಲಂ ಹುಡುಕಿದೆ. ಇರ್ಲಿಲ್ಲ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಮಾತ್ರ ಇತ್ತು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ: "ಕಾನ್ವೆಂಟಿಗೆ ಹಾಕೋದಾದ್ರೆ ಹಾಕು, ನಿನ್ನಿಷ್ಟ. ಆದ್ರೆ ಫೀಸ್ ಕೇಳೋ ಮುಂಚೆ ಒಂದು ಪ್ರಶ್ನೆ ಕೇಳು. ನಮ್ಮ ಮಗು ಹತ್ತು ದಿನ ಬರ್ಲಿಲ್ಲ ಅಂದ್ರೆ ಏನ್ಮಾಡ್ತೀರಿ?"

ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. ಅಪ್ಲಿಕೇಶನ್ ಫಾರಂ ಟಿವಿ ಮೇಲೇ ಇದೆ. ನಿಮ್ಮನೆಯಲ್ಲೂ ಅಂಥ ಫಾರಂ ಇದ್ರೆ, ಈ ಪ್ರಶ್ನೆ ನೀವೂ ಕೇಳಿ. ಏನು ಉತ್ತರ ಸಿಕ್ತು ಅಂತ ನನಗೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.