ತಾಯಿಗೆ ತಿಳಿಯದ ಚೀಟಿ ಯಾರಿಗಾಗಿ?

(ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನಾಮಫಲಕಕ್ಕಾಗಿ, ಬ್ಯಾಂಕಿನ ಚಲನ್‌ಗಾಗಿ ನಾವು ಬೀದಿಗಿಳಿದವರು. ಇಂದು ಇನ್ನೊಂದು ಕಾಗದದ ಮಾತು ಹೇಳುತ್ತೇನೆ. ಕ್ಯಾನ್ಸರ್ ಬಂದ ಮಗುವಿನ ತಾಯಿಯ ಕೈಗೆ ಆಸ್ಪತ್ರೆಯವರು ಕೊಡುವ ಇಂಗ್ಲಿಷ್ ಚೀಟಿಯ ಮಾತು.

ನನ್ನ ತಂಗಿಯ ಮಗನಿಗೆ ರಕ್ತದ ಕ್ಯಾನ್ಸರ್. ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಿಮೋ ಕೊಟ್ಟು ಊರಿಗೆ ಕಳಿಸಿದರು. ವಾರ ಕಳೆದು ಒಂದು ರಾತ್ರಿ ಮಗುವಿನ ಮೈ ಕೆಂಡವಾಯಿತು. ತಂಗಿ ಒದ್ದೆ ಬಟ್ಟೆ ಹಾಕಿ, ಜ್ವರದ ಮಾತ್ರೆ ಕೊಟ್ಟು, ಬೆಳಗಿನ ರೈಲಿಗೆ ಕಾದಳು. ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ತನ್ನಿ ಎಂದು ಆ ಚೀಟಿಯಲ್ಲೇ ಇತ್ತು, ಇಂಗ್ಲಿಷಿನಲ್ಲಿ! ಕಿಮೋದಿಂದ ಬಿಳಿ ರಕ್ತಕಣ ಕುಸಿದಾಗ ಬರುವ ಜ್ವರ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ತರಬಲ್ಲದು.

ಪುಣ್ಯಕ್ಕೆ ಮಗು ಉಳಿಯಿತು. ಆದರೆ "ಓದೋಕೆ ಬರದೆ ನಾನೇ ಮಗನ್ನ ಸಾವಿನ ಬಾಗಿಲಿಗೆ ತಂದೆ ಕಣಣ್ಣ" ಎಂದು ತಂಗಿ ಇಂದಿಗೂ ಅಳುತ್ತಾಳೆ. ಆಕೆ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಪಾಸಾದವಳು. ಓದಲು ಬಾರದ್ದು ಆಕೆಗಲ್ಲ, ಬರೆಯಲು ಬಾರದ್ದು ಆಸ್ಪತ್ರೆಗೆ!

ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಚಿಕಿತ್ಸೆ. ಅಷ್ಟು ಕಾಲ ತಾಯಿಗೆ ಮಂಚದ ಪಕ್ಕದ ನೆಲವೇ ಹಾಸಿಗೆ. ತಂದೆಗೆ ತೋಟದ ಕೂಲಿ ಹೋಯಿತು, ತಲೆಯ ಮೇಲೆ ಸಾಲ ಬಂತು. ಅಜ್ಜಿಯ ಹತ್ತಿರ ಬಿಟ್ಟ ಇನ್ನೊಂದು ಮಗುವನ್ನು ಕೇಳುವವರಿಲ್ಲ. ಸಾಲದ್ದಕ್ಕೆ "ಏನು ಪಾಪ ಮಾಡಿದ್ದರೋ" ಎನ್ನುವ ಊರಿನ ಬಾಯಿ. ಕ್ಯಾನ್ಸರ್ ಪಾಪದಿಂದ ಬರುವುದಲ್ಲ, ಅಂಟುರೋಗವೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಇಂಥ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಗುಣವಾಗುತ್ತವೆ. ಬಡ ದೇಶಗಳಲ್ಲಿ 30ಕ್ಕಿಂತ ಕಡಿಮೆ. ಚಿಕಿತ್ಸೆಯನ್ನು ನಡುವೆಯೇ ಬಿಡುವುದು ಅದಕ್ಕೊಂದು ಕಾರಣ. ಹೆತ್ತವರು ಕುಸಿದರೆ ಚಿಕಿತ್ಸೆಯೂ ನಿಲ್ಲುತ್ತದೆ.

ರಾಜ್ಯಕ್ಕೆ 1963ರ ಆಡಳಿತ ಭಾಷಾ ಕಾಯ್ದೆ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಕೂಡ ಇದೆ. ರೋಗಿಯ ಹಾಸಿಗೆಯ ಬಳಿಗೆ ಕನ್ನಡ ಬರುವುದು ಯಾವಾಗ? ನಮ್ಮ ಬೇಡಿಕೆ ಮೂರು. ಮನೆಗೆ ಕಳಿಸುವಾಗ ಔಷಧಿಯ ವೇಳೆ, ಅಪಾಯದ ಲಕ್ಷಣ, ಫೋನ್ ನಂಬರು ಕನ್ನಡದಲ್ಲಿ ಬರೆದು ಕೊಡಲಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳದೆ ಸಹಿ ಹಾಕಿಸಬಾರದು. ಹೆತ್ತವರ ದುಃಖ ಕೇಳಲು ಕನ್ನಡ ಬಲ್ಲ ಆಪ್ತ ಸಮಾಲೋಚಕರಿರಲಿ.

ಸರ್ಕಾರ ಮಾಡಲಿ ಎಂದು ನಾವು ಕೈಕಟ್ಟಿ ಕೂರಬಾರದು. ಕಡೂರು, ಅಜ್ಜಂಪುರ, ತರೀಕೆರೆ ಮೂರೂ ಬೆಂಗಳೂರು ರೈಲಿನ ದಾರಿಯಲ್ಲಿವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಬೋಗಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರೊಬ್ಬರಿಗೆ ನೂರಕ್ಕೆ 75. ವೈದ್ಯರ ಪ್ರಮಾಣಪತ್ರ ಬೇಕು. ಇದನ್ನು ಮನೆಮನೆಗೆ ತಿಳಿಸಿ. ಚೀಟಿಯನ್ನು ಕನ್ನಡದಲ್ಲಿ ಬರೆಸಿಕೊಡಿ. ಆಸ್ಪತ್ರೆಯವರು ಒಪ್ಪಿದರೆ ಒಂದು ರಾತ್ರಿ ಮಗುವಿನ ಬಳಿ ನಿಮ್ಮ ಮನೆಯವರು ಕೂರಲಿ, ಆ ತಾಯಿ ನಿದ್ದೆ ಮಾಡಲಿ. ಅದೂ ಕನ್ನಡದ ಕೆಲಸವೇ.

ಸಿರಿಗನ್ನಡಂ ಗೆಲ್ಗೆ!