ಸೋಪು ಹೇಳುವ ಸತ್ಯ, ಹೇಳದ ಸತ್ಯ

ಮಲೆನಾಡಿನಿಂದ ಬಯಲುಸೀಮೆಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು ತವರಿಗೆ ಹೋದಾಗ ಹೇಳುವ ದೂರುಗಳಲ್ಲಿ ನೀರಿನದೂ ಒಂದು. ಸೋಪು ಉಜ್ಜಿದರೆ ನೊರೆ ಬರುವುದಿಲ್ಲ. ತೊಗರಿಬೇಳೆ ಎಷ್ಟು ಹೊತ್ತು ಬೆಂದರೂ ಕರಗುವುದಿಲ್ಲ. ತಲೆಗೂದಲು ತೆಂಗಿನ ನಾರಿನಂತಾಗುತ್ತದೆ. ಬಯಲುಸೀಮೆಯಿಂದ ಮಲೆನಾಡಿಗೆ ಹೋದವರ ಅನುಭವ ಇದಕ್ಕೆ ತೀರ ವಿರುದ್ಧ. ಎಷ್ಟು ಚೊಂಬು ನೀರು ಹೊಯ್ದುಕೊಂಡರೂ ಮೈಮೇಲಿನ ಸೋಪಿನ ಜಾರಿಕೆ ಹೋಗುವುದೇ ಇಲ್ಲ. ಎರಡೂ ದೂರುಗಳ ಮೂಲ ಒಂದೇ. ಪಠ್ಯಪುಸ್ತಕಗಳು ಅದನ್ನು ನೀರಿನ ಗಡಸುತನ ಎನ್ನುತ್ತವೆ. ಬೆಂಗಳೂರಿನ ಬಡಾವಣೆಗಳಲ್ಲಿ ಗಡಸು ನೀರಿಗೆ ‘ಉಪ್ಪು ನೀರು’ ಎಂದೇ ಹೆಸರು.

ಮಳೆಯ ನೀರು ಹುಟ್ಟಿನಲ್ಲಿ ಮೆದು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅದು ತುಸು ಆಮ್ಲೀಯವಾಗುತ್ತದೆ. ಆ ನೀರು ಬಂಡೆಯ ಸಂದುಗಳಲ್ಲಿ ಇಳಿಯುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಗಡಸುತನವೆಂದರೆ ಇಷ್ಟೆ. ಮಲೆನಾಡಿನಲ್ಲಿ ಮಳೆ ಹೆಚ್ಚು. ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲದ ಲವಣಗಳು ಬಹುಕಾಲದ ಹಿಂದೆಯೇ ತೊಳೆದುಹೋಗಿವೆ. ಹಾಗಾಗಿ ಬಾವಿಯ ನೀರೂ ಮೆದು. ಬಯಲುಸೀಮೆಯಲ್ಲಿ ಮಳೆ ಕಡಿಮೆ, ನೀರು ಬಂಡೆಯೊಡನೆ ಕಳೆಯುವ ಕಾಲ ಹೆಚ್ಚು. ಕಲಬುರಗಿಯ ಶಹಾಬಾದ್, ಸೇಡಂ ಕಡೆಗಳಲ್ಲಂತೂ ನೆಲದಡಿ ಇರುವುದೇ ಸುಣ್ಣಕಲ್ಲು.

ಸೋಪಿನ ಲೆಕ್ಕವನ್ನು ಮೊದಲು ನೋಡೋಣ. ಕ್ಯಾಲ್ಸಿಯಂ ಇರುವ ನೀರಿಗೆ ಸೋಪು ಬಿದ್ದೊಡನೆ ಎರಡೂ ಸೇರಿ ನೀರಿನಲ್ಲಿ ಕರಗದ ಬಿಳಿಯ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ, ಬಿಳಿ ಅಂಗಿಯ ಕಾಲರಿಗೆ, ಕೂದಲಿಗೆ ಅಂಟುವುದು ಇದೇ ಗಸಿ. ನೀರಿನಲ್ಲಿರುವ ಕ್ಯಾಲ್ಸಿಯಂ ಮುಗಿಯುವ ತನಕ ನೊರೆ ಏಳುವುದಿಲ್ಲ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ 15 ಲೀಟರಿನ ಒಂದು ಬಕೆಟ್ ನೀರನ್ನು ತೆಗೆದುಕೊಂಡರೆ, ಅದರ ಗಡಸನ್ನು ತೀರಿಸುವುದಕ್ಕೇ ಸುಮಾರು 27 ಗ್ರಾಂ ಶುದ್ಧ ಸೋಪು ಬೇಕು. 100 ಗ್ರಾಮಿನ ಬಿಲ್ಲೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಒಂದು ಬಟ್ಟೆಯನ್ನೂ ತೊಳೆಯದೆ ಹೋಯಿತು ಎಂದಾಯಿತು. ಡಿಟರ್ಜೆಂಟ್ ಪುಡಿಗಳು ಮನೆಮನೆಗೆ ನುಗ್ಗಲು ಇದೂ ಒಂದು ಕಾರಣ. ಅವು ಗಡಸು ನೀರಿನಲ್ಲೂ ನೊರೆಗೊಡುತ್ತವೆ.

ಅಜ್ಜಿಯರ ಕಾಲದ ಸೀಗೆಪುಡಿ, ಅಂಟುವಾಳಗಳಿಗೂ ಈ ಗುಣವಿತ್ತು. ಅವುಗಳ ನೊರೆಯ ವಸ್ತು ಕ್ಯಾಲ್ಸಿಯಂ ಜೊತೆ ಸೇರಿ ಸೋಪಿನಂತೆ ಗಸಿಯಾಗುವುದಿಲ್ಲ. ಬಯಲುಸೀಮೆಯ ನೀರಿಗೆ ಹೊಂದುವ ಮಾರ್ಜಕವನ್ನು ಹಳಬರು ಅನುಭವದಿಂದಲೇ ಕಂಡುಕೊಂಡಿದ್ದರು.

ಅಡುಗೆಮನೆಯ ಕತೆಯೂ ಇದೇ ಬಗೆಯದು. ಬೇಳೆಕಾಳುಗಳ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಕರಗಿದರೆ ಬೇಳೆ ಬೆಂದಂತೆ. ಕ್ಯಾಲ್ಸಿಯಂ ಈ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಆದ್ದರಿಂದಲೇ ‘ಬೇಳೆ ಬೇಯುವ ನೀರು’ ಎಂದು ಒಂದು ಬಾವಿಗೆ ಹೆಸರಾದರೆ, ಅದರಿಂದ ನೀರು ತರಲು ಊರ ಹೆಂಗಸರು ಹೆಚ್ಚು ದೂರವಾದರೂ ನಡೆಯುತ್ತಿದ್ದರು. ಬೇಯುವಾಗ ಚಿಟಿಕೆ ಅಡುಗೆ ಸೋಡ ಹಾಕುವ ರೂಢಿಯ ಹಿಂದೆಯೂ ಇದೇ ಕಾರಣವಿದೆ.

ಗಡಸುತನದಲ್ಲಿ ಎರಡು ಬಗೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೈಕಾರ್ಬೊನೇಟ್ ರೂಪದಲ್ಲಿದ್ದರೆ ಅದು ತಾತ್ಕಾಲಿಕ. ನೀರು ಕುದಿದಾಗ ಸುಣ್ಣದ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿದ್ದರೆ ಕುದಿಸಿದರೂ ಹೋಗುವುದಿಲ್ಲ, ಅದು ಶಾಶ್ವತ. ಬಚ್ಚಲ ಹಂಡೆಯ ಒಳಮೈಗೆ ಹಿಡಿಯುತ್ತಿದ್ದ ಬಿಳಿಯ ಪೊರೆ ಮೊದಲ ಬಗೆಯ ಗಡಸಿನ ಕೊಡುಗೆ. ಹಂಡೆಯನ್ನಾದರೂ ಹುಣಸೆಹಣ್ಣು ಹಾಕಿ ಉಜ್ಜಬಹುದಿತ್ತು. ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಈಗಿನ ಗೀಸರಿನೊಳಗೆ ಕೈ ಹೋಗದು. ದಿನಕ್ಕೆ 100 ಲೀಟರ್ ನೀರು ಕಾಯಿಸುವ ಮನೆಯಲ್ಲಿ, 300 ಮಿಲಿಗ್ರಾಂ ಗಡಸಿನ ಹತ್ತರಲ್ಲೊಂದು ಪಾಲು ಒಳಗೆ ಕಟ್ಟಿಕೊಂಡರೂ ವರ್ಷಕ್ಕೆ ಒಂದು ಕಿಲೋಗ್ರಾಂ ಸುಣ್ಣ ಸೇರುತ್ತದೆ. ಸುಣ್ಣ ಶಾಖವನ್ನು ಸುಲಭವಾಗಿ ಹಾಯಗೊಡದು. ಕಾಯಿಲ್ ಸುಟ್ಟುಹೋಗುವುದೂ, ಸೋಲಾರ್ ಕೊಳವೆಗಳು ಕಟ್ಟಿಕೊಳ್ಳುವುದೂ ಇದರಿಂದಲೇ.

ಬೆಂಗಳೂರಿನ ಇತಿಹಾಸವನ್ನು ಈ ದೃಷ್ಟಿಯಿಂದಲೂ ನೋಡಬಹುದು. ಕೆರೆ ಬಾವಿಗಳನ್ನು ನಂಬಿದ್ದ ನಗರಕ್ಕೆ 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ಮೇಲೇರಿ ಬಂದಳು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ ಯೋಜನೆ ಚಾಲನೆಗೊಂಡಿತು. ನದಿಯ ನೀರು ಬಂಡೆಯೊಳಗೆ ಬಹುಕಾಲ ನಿಂತದ್ದಲ್ಲ; ಅದು ಕೊಳವೆಬಾವಿಯ ನೀರಿಗಿಂತ ಮೆದು. ನದಿ ತಲುಪದ ಕಡೆ ಕೊಳವೆಬಾವಿ, ಟ್ಯಾಂಕರುಗಳೇ ಗತಿ. ಅನೇಕ ಮನೆಗಳಲ್ಲಿ ಕುಡಿಯಲು ಕಾವೇರಿ, ಬಳಕೆಗೆ ಕೊಳವೆಬಾವಿ ಎಂದು ಎರಡು ನಲ್ಲಿಗಳಿವೆ. ಹಳ್ಳಿಯ ಸಿಹಿನೀರ ಬಾವಿ, ಸವಳುನೀರ ಬಾವಿ ಎಂಬ ವಿಂಗಡಣೆಯೇ ನಗರದಲ್ಲಿ ನಲ್ಲಿಯ ರೂಪ ತಾಳಿದೆ.

ಗಡಸು ನೀರು ದೇಹಕ್ಕೆ ಕೆಟ್ಟದ್ದೇ? ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದರೆ 600ರ ತನಕ ಇರಬಹುದೆಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಆಧಾರದ ಮೇಲೆ ಗಡಸುತನಕ್ಕೆ ಮಿತಿಯನ್ನೇ ಹಾಕಿಲ್ಲ. ಮೂತ್ರಪಿಂಡದ ಕಲ್ಲಿಗೆ ಗಡಸು ನೀರೇ ಕಾರಣವೆಂಬ ನಂಬಿಕೆ ಬಲವಾಗಿದ್ದರೂ ಅದು ದೃಢಪಟ್ಟಿಲ್ಲ. ಸಾಕಷ್ಟು ನೀರು ಕುಡಿಯದಿರುವುದೇ ಹೆಚ್ಚು ಅಪಾಯ.

ನಿಜವಾದ ಆತಂಕ ಇರುವುದು ಬೇರೆ ಕಡೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಅದರ ಗರಿಷ್ಠ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮೊಣಕಾಲುಗಳು ಬಿಗಿದುಕೊಳ್ಳುತ್ತವೆ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ವೈದ್ಯರು 1937ರಲ್ಲೇ ವರದಿ ಮಾಡಿದ್ದರು. ವಿಪರ್ಯಾಸವೆಂದರೆ, ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಬಹಳ ಕರಗಿರಲಾರದು. ಎರಡೂ ಸೇರಿ ಗಸಿಯಾಗಿ ಇಳಿಯುತ್ತವೆ. ಅಂದರೆ, ಸೋಪು ಚೆನ್ನಾಗಿ ನೊರೆಗೊಟ್ಟ, ಬೇಳೆ ಚೆನ್ನಾಗಿ ಬೆಂದ ನೀರೇ ಫ್ಲೋರೈಡಿನ ನೀರಾಗಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ.

ಮನೆಗೆ ತರುವ ಯಂತ್ರಗಳಲ್ಲೂ ಈ ಭೇದ ತಿಳಿದಿರಬೇಕು. ಉಪ್ಪು ಹಾಕಿ ನಡೆಸುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಬಚ್ಚಲಿಗೂ ಗೀಸರಿಗೂ ಅದು ಒಳ್ಳೆಯದು, ಆದರೆ ಫ್ಲೋರೈಡನ್ನು ಮುಟ್ಟುವುದಿಲ್ಲ. ಆರ್‌ಓ ಯಂತ್ರ ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಅದಕ್ಕೆ ಬೆಲೆಯಾಗಿ ಎಷ್ಟೋ ನೀರನ್ನು ಹೊರಚೆಲ್ಲುತ್ತದೆ. ಮೆದುವಾದ ನದಿನೀರು ಬರುವ ಮನೆಗೆ ಆರ್‌ಓ ಹಾಕುವುದು ನೀರನ್ನೂ ಹಣವನ್ನೂ ಚರಂಡಿಗೆ ಬಿಟ್ಟಂತೆ.

ಇಪ್ಪತ್ತು ಮೂವತ್ತು ಅಡಿಯ ಬಾವಿಯ ನೀರಿಗೆ ನಾಲಗೆಯೂ ಬೇಳೆಯೂ ಪರೀಕ್ಷಕರಾಗಿದ್ದ ಕಾಲ ಒಂದಿತ್ತು. ಸಾವಿರ ಅಡಿಯಿಂದ ಬರುವ ನೀರಿಗೆ ಆ ಸಾಕ್ಷಿ ಸಾಲದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಊರಿನ ಹೆಂಗಸರಿಗೇ ನೀರು ಪರೀಕ್ಷಿಸುವ ಕಿಟ್‌ಗಳ ತರಬೇತಿ ಕೊಡುವ ಏರ್ಪಾಡಿದೆ. ಬೇಳೆ ಬೇಯುವ ಬಾವಿ ಯಾವುದೆಂದು ಹಿಂದೆ ತೀರ್ಮಾನಿಸುತ್ತಿದ್ದವರೂ ಅವರೇ. ಗಡಸು ನೀರು ಗೀಸರನ್ನು ಕೆಡಿಸುತ್ತದೆ, ಸದ್ದು ಮಾಡಿ ಕೆಡಿಸುತ್ತದೆ. ಮಕ್ಕಳ ಹಲ್ಲು ಕೆಡಿಸುವ ನೀರು ಸದ್ದು ಮಾಡುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಅದನ್ನು ಪರೀಕ್ಷೆಗೆ ಕೊಟ್ಟು ಕೇಳಿಯೇ ತಿಳಿಯಬೇಕು.