ಹೊರಗಿನ ಕಿವಿ

(ಕಳಲೆಯಲ್ಲಿ ಹಾಸ್ಟೆಲ್ ಹುಡುಗರ ಸಭೆಯಲ್ಲಿ ಆಡಿದ ಮಾತು)



ನಮ್ಮನ್ನು ಊರ ಹೊರಗೆ ಇಟ್ಟರು, ಹೊರಗೇರಿ ಅಂತ ಹೆಸರಿಟ್ಟರು. ಅಂಥ ನಾವು ಇವತ್ತು ಪದ್ಯ ಬರೀತಿದೀವಿ, ಹಾಡು ಕಟ್ಟುತಿದೀವಿ, ಬೀದಿ ನಾಟಕ ಆಡ್ತಿದೀವಿ. ನಾನು ಕೇಳುವುದು ಇಷ್ಟೆ: ನಮ್ಮ ಈ ಕೆಲಸಕ್ಕೆ ಹೊರಗಿನವರು ಯಾರು? ಅವರನ್ನು ಕರೆದು ತೋರಿಸಿದ್ದೀವಾ?

ನನ್ನದೇ ಕತೆ ಹೇಳ್ತೀನಿ. ತೀರಿಹೋದ ನನ್ನವ್ವನ ಮೇಲೆ ಒಂದು ಪದ್ಯ ಬರೆದೆ. ಗದ್ದೆಯ ಬದುವಿನ ಮೇಲೆ ಅವ್ವ ಕೂತು ಅಳ್ತಾ ಇರ್ತಾಳೆ. ಹಾಸ್ಟೆಲಿನಲ್ಲಿ ಓದಿದೆ. ಎಲ್ಲರೂ ಚಪ್ಪಾಳೆ ಹೊಡೆದರು, ಇಬ್ಬರು ಕಣ್ಣೊರೆಸಿಕೊಂಡರು. ನನಗೂ ಹೆಮ್ಮೆ.

ರಜಕ್ಕೆ ಊರಿಗೆ ಹೋದಾಗ ಪಕ್ಕದ ಮನೆ ದೊಡ್ಡವ್ವನಿಗೆ ಓದಿ ಹೇಳಿದೆ. ಅಕ್ಷರ ಬಾರದವಳು, ನಾಟಿ ಕೂಲಿ. ಕೇಳಿ ಸುಮ್ಮನಿದ್ದಳು. ಆಮೇಲೆ ಅಂದಳು: 'ಅಳ್ತಾ ಕೂತ್ರೆ ಸಾಲು ಯಾರು ಮುಗಿಸ್ತಾರ್ಲಾ ಮಗ? ಕೂಲಿ ಕಮ್ಮಿ ಮಾಡಿದ ದಿವಸ ಪೈರು ಕೆಸರಲ್ಲೇ ಬಿಟ್ಟು ಮೊದಲು ಮೇಲಕ್ಕೆ ಬಂದೋಳು ನಿಮ್ಮವ್ವ. ಅವಳ ಹಿಂದೆ ನಾವೂ ಎದ್ದೋ. ಅದ್ಯಾಕೆ ಬಿಟ್ಟೆ?'

ನನಗೆ ಅದು ಗೊತ್ತೇ ಇರಲಿಲ್ಲ. ಅಳುವ ಅವ್ವನನ್ನು ನಾನು ಗದ್ದೆಯಿಂದ ತಂದಿರಲಿಲ್ಲ, ಓದಿದ ಪದ್ಯಗಳಿಂದ ತಂದಿದ್ದೆ. ಹಾಸ್ಟೆಲಿನ ಗೆಳೆಯರು ಓದಿರುವುದೂ ಅವೇ ಪದ್ಯಗಳನ್ನು. ಅದಕ್ಕೇ ತಪ್ಪು ಅವರಿಗೂ ಕಾಣಲಿಲ್ಲ. ನಾವು ನಾವೇ ಕೂತು ಚಪ್ಪಾಳೆ ಹೊಡೆದುಕೊಂಡರೆ ಹೀಗಾಗುತ್ತೆ.

ನೀವು ಕೇಳಬಹುದು: 'ಹೊರಗಿನವರು ತೀರ್ಪು ಕೊಟ್ಟಿದ್ದು ಸಾಲದಾ? ಇನ್ನೂ ಅವರ ಹತ್ತಿರ ಯಾಕೆ ಹೋಗಬೇಕು?' ನ್ಯಾಯವಾದ ಪ್ರಶ್ನೆ. ಬಾಬಾಸಾಹೇಬರು ಏನು ಮಾಡಿದರು ನೋಡಿ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅವರನ್ನು 1936ರ ಸಮ್ಮೇಳನದ ಅಧ್ಯಕ್ಷರಾಗಿ ಕರೆದರು. ಭಾಷಣದ ಪ್ರತಿ ನೋಡಿದ ಮೇಲೆ ಕೆಲವು ಭಾಗ ತೆಗೆಯಿರಿ ಅಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಸಮ್ಮೇಳನವೇ ನಿಂತಿತು. ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಗಾಂಧಿ 'ಹರಿಜನ' ಪತ್ರಿಕೆಯಲ್ಲಿ ಟೀಕೆ ಬರೆದರು. 1937ರ ಎರಡನೇ ಮುದ್ರಣದಲ್ಲಿ ಬಾಬಾಸಾಹೇಬರು ಆ ಟೀಕೆಯನ್ನೂ ತಮ್ಮ ಪುಸ್ತಕದೊಳಗೇ ಸೇರಿಸಿ, ಅದಕ್ಕೆ ಉತ್ತರವನ್ನೂ ಕೊಟ್ಟರು. ಬೇರೆಯವರ ಮಾತಿಗೆ ಕಿವಿ ಕೊಡುವುದು ಬೇರೆ, ತಲೆ ಬಾಗುವುದು ಬೇರೆ.

ಇದೇ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ತಂದರು. ತುಂಬ ನಮ್ಮ ಸೀಮೆಯ ಮಾತು. ಓದಲು ಕಷ್ಟ ಅಂದವರು ಬಹಳ. ವಿದ್ವಾಂಸರಾದ ಎಲ್. ಬಸವರಾಜು ಅದನ್ನು ಪದ್ಯದ ಸಾಲುಗಳಲ್ಲಿ ಕೂರಿಸಿ ತೋರಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಷ್ಟ ಅಂದವರಿದ್ದ ಹಾಗೆಯೇ, ಆ ಗದ್ಯದಲ್ಲಿ ಪದ್ಯದ ಲಯ ಕೇಳಿಸಿಕೊಂಡ ಕಿವಿಯೂ ಇತ್ತು.

ಹಾಗಾದರೆ ಯಾವ ಮಾತು ತಗೋಬೇಕು, ಯಾವುದು ಬಿಡಬೇಕು? ನನ್ನ ಪದ್ಯ ಓದಿದ ಒಬ್ಬ ಮೇಷ್ಟ್ರು 'ಸಿಟ್ಟು ಕಮ್ಮಿ ಮಾಡು' ಅಂದರು. ಅದನ್ನು ಬಿಟ್ಟೆ. ಅವರೇ 'ಈ ಸಿಟ್ಟು ಯಾರ ಮೇಲೆ ಅಂತ ತಿಳಿಯಲಿಲ್ಲ' ಅಂದರು. ಅದನ್ನು ತಗೊಂಡೆ. ಮೊದಲನೆಯದು ಅವರ ಇಷ್ಟ. ಎರಡನೆಯದು ನನ್ನ ಕೆಲಸದಲ್ಲಿನ ತೂತು.

ಆದ್ದರಿಂದ ಬರೆದದ್ದನ್ನು ಇಬ್ಬರಿಗೆ ಓದಿ: ಕೇರಿ ಬಲ್ಲ, ಪುಸ್ತಕ ಅರಿಯದ ಒಬ್ಬರಿಗೆ, ಪುಸ್ತಕ ಬಲ್ಲ, ಕೇರಿ ಅರಿಯದ ಒಬ್ಬರಿಗೆ. ಮೊದಲೇ ವಿವರಣೆ ಕೊಡಬೇಡಿ. 'ಚೆನ್ನಾಗಿದೆಯಾ?' ಅಂತ ಕೇಳಬೇಡಿ, ಹೌದು ಅಂದುಬಿಡ್ತಾರೆ. 'ನಿಮಗೆ ಏನು ಕಾಣಿಸ್ತು?' ಅಂತ ಕೇಳಿ. ಅವರು ಹೇಳುವಾಗ ಬಾಯಿ ಮುಚ್ಚಿಕೊಂಡು ಕೂತಿರಿ. ಅದೇ ಕಷ್ಟದ ಕೆಲಸ.

ಆ ಪದ್ಯವನ್ನು ತಿದ್ದಿದೆ. ಈಗ ಅವ್ವ ಕೆಸರುಗಾಲಲ್ಲೇ ಬದುವಿನ ಮೇಲೆ ನಿಂತಿದ್ದಾಳೆ, ಹಿಂದೆ ಹತ್ತು ಜನ ಹೆಂಗಸರು. ಮತ್ತೆ ದೊಡ್ಡವ್ವನಿಗೆ ಓದಿದೆ. ಅವಳು ಬೆರಳು ಮಡಿಸಿ ಎಣಿಸಿ ಅಂದಳು: 'ಹತ್ತಲ್ಲ ಕಣ್ಲಾ, ಹನ್ನೊಂದು. ನನ್ನ ಬಿಟ್ಟಿದ್ದೀಯ.'

ಗೆಳೆಯರೇ, ನಮ್ಮನ್ನು ಎಣಿಸದೆ ಬರೆದವರ ಮೇಲೆ ನಮಗೆ ಸಿಟ್ಟಿದೆ. ನಮ್ಮ ಎಣಿಕೆಯಲ್ಲೂ ಯಾರೂ ಬಿಟ್ಟುಹೋಗದಿರಲಿ.

ಜೈ ಭೀಮ್.